ಚಕ್ರಕ್ಕೆ ಕೊಡುವ ಕಲ್ಲು

ನಮ್ಮ ಮನೆಯ ಕಾರಿಗೆ ಮೂರು ಬ್ರೇಕುಗಳಿದ್ದವು. ಕಾಲಲ್ಲಿ ಒತ್ತುವುದು ಒಂದು, ಕೈಯಲ್ಲಿ ಎಳೆಯುವುದು ಒಂದು, ಕುಣಿಗಲ್ಲಿನಿಂದ ಬಂದ ಕಲ್ಲು ಒಂದು. ಅಪ್ಪ ನಂಬುತ್ತಿದ್ದುದು ಮೊದಲನೆಯದನ್ನು ಮತ್ತು ಮೂರನೆಯದನ್ನು. ನಡುವಿನದು, ಕಂಪನಿಯವರು ಕೊಟ್ಟಿದ್ದಾರೆ, ಇರಲಿ ಎನ್ನುವ ಹಾಗೆ ಇತ್ತು.

ಕಲ್ಲು ಅಂದರೆ ಬೀದಿಯಲ್ಲಿ ಬಿದ್ದಿದ್ದನ್ನು ಎತ್ತಿಕೊಂಡದ್ದಲ್ಲ. ತಾತ ಕುಣಿಗಲ್ಲಿನಲ್ಲಿ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಕಲ್ಲು ಕೆಲಸದವರಿಗೆ ಹೇಳಿ ಮಾಡಿಸಿದ್ದು. ಬೂದು ಬಣ್ಣ, ಬೆಣೆಯ ಆಕಾರ, ಟೈರು ಬಂದು ಕೂರುವ ಕಡೆ ಅಂಗೈಯಗಲದ ತಗ್ಗು. ಲಾರಿ ಹೋಯಿತು, ತಾತನೂ ಹೋದರು, ಕಲ್ಲು ಅಪ್ಪನ ಜೊತೆ ತುಮಕೂರಿಗೆ ಬಂತು. ಶೆಟ್ಟಿಹಳ್ಳಿಯಲ್ಲಿ ನಮ್ಮ ಮನೆಯಿರುವ ಬೀದಿ ಇಳಿಜಾರು. ಕಾಂಪೌಂಡಿನೊಳಗೆ ಕಾರು ಹಿಡಿಸುವುದಿಲ್ಲ. ಗೇಟಿನ ಮುಂದೆ ಬೀದಿಯಲ್ಲೇ, ಮೂತಿ ಮೇಲಕ್ಕೆ ಮಾಡಿ ನಿಲ್ಲಿಸಬೇಕು. ಹಾಗಾಗಿ ಕಲ್ಲಿಗೆ ಇಲ್ಲೂ ಕೆಲಸ ಸಿಕ್ಕಿತು.

ಆ ಕೆಲಸಕ್ಕೊಂದು ಕ್ರಮವಿತ್ತು. ಕಾರು ಓಡಿಸುವವರು ಗೇಟಿನ ಮುಂದೆ ನಿಲ್ಲಿಸಿ, ಕಾಲನ್ನು ಬ್ರೇಕಿನ ಮೇಲೇ ಇಟ್ಟುಕೊಂಡು ಒಂದು ಹಾರ್ನ್ ಹೊಡೆಯುತ್ತಾರೆ. ಮನೆಯಿಂದ ಒಬ್ಬರು ಹೋಗಿ, ಗೇಟಿನ ಪಕ್ಕ ಇಟ್ಟಿರುವ ಕಲ್ಲನ್ನು ಹಿಂದಿನ ಚಕ್ರಕ್ಕೆ ಕೊಟ್ಟು, ಡಿಕ್ಕಿಯ ಮೇಲೆ ಎರಡು ಸಲ ತಟ್ಟುತ್ತಾರೆ. ಆಮೇಲೆ ಓಡಿಸುವವರು ಕಾಲು ತೆಗೆಯಬಹುದು. ಗೇರ್ ನ್ಯೂಟ್ರಲ್‌ನಲ್ಲೇ ಇರಬೇಕು, ಅದು ಮನೆಯ ಇನ್ನೊಂದು ಕಾನೂನು. ಹಿಂದೆ ಯಾವಾಗಲೋ ಅಪ್ಪ ಕಾರನ್ನು ಗೇರಿನಲ್ಲಿ ಬಿಟ್ಟು, ಮಾರನೇ ದಿನ ಅದನ್ನು ಮರೆತು, ಕ್ಲಚ್ ಒತ್ತದೆ ಕೀ ತಿರುಗಿಸಿ, ಕಾರು ಹಾರಿ ಪಕ್ಕದವರ ಹೂಕುಂಡಗಳ ಮೇಲೆ ಹೋಗಿತ್ತು. ತಪ್ಪು ಮಾಡಿದ್ದು ಮರೆವು, ಶಿಕ್ಷೆ ಆದದ್ದು ಗೇರಿಗೆ.

ನಾನು ಹತ್ತು ವರ್ಷದವಳಿದ್ದಾಗಿನಿಂದ ಡಿಕ್ಕಿ ತಟ್ಟುತ್ತ ಬಂದಿದ್ದೇನೆ. ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ದೇವರಿಂದ ಹಿಡಿದು ದೇಶದವರೆಗೆ ಎಲ್ಲವನ್ನೂ ಪ್ರಶ್ನೆ ಮಾಡಿ ಕಪ್ ತಂದವಳು, ನನ್ನ ಮನೆಯ ಗೇಟಿನ ಪಕ್ಕ ಕೂತಿದ್ದ ಕಲ್ಲನ್ನು ಪ್ರಶ್ನೆ ಮಾಡಿರಲಿಲ್ಲ. ಪ್ರಶ್ನೆ ಹುಟ್ಟಿದ್ದು ಅಮ್ಮ ಕಾರು ಕಲಿತ ಮೇಲೆ.

ಅಮ್ಮ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಕಳೆದ ವರ್ಷ ಗುಬ್ಬಿಗೆ ವರ್ಗವಾಯಿತು. ಎರಡು ಬಸ್ಸು, ಅಲ್ಲಿಂದ ಆಟೋ, ಸಂಜೆ ಅದೇ ಹಿಂದುಮುಂದಾಗಿ. ಒಂದು ತಿಂಗಳು ಹಾಗೆ ಓಡಾಡಿ, ಐವತ್ತೊಂದನೇ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸ್ ತಂದಳು. ಅಪ್ಪ ಆಫೀಸಿಗೆ ಸ್ಕೂಟರಿನಲ್ಲಿ ಹೋಗುವುದರಿಂದ ಕಾರು ಹಗಲೆಲ್ಲ ಸುಮ್ಮನೆ ನಿಂತಿರುತ್ತಿತ್ತು. ಮೂರು ವಾರ ಅಮ್ಮ ಅದರಲ್ಲಿ ಗುಬ್ಬಿಗೆ ಒಬ್ಬಳೇ ಹೋಗಿ ಬಂದಳು. ಆ ಮೂರು ವಾರ ಅವಳು ಊಟ ಮಾಡುವಾಗ ಕೂಡ ಬೇರೆ ತರಹ ಕೂರುತ್ತಿದ್ದಳು ಎಂದು ನನ್ನ ಅನಿಸಿಕೆ. ಇದಕ್ಕೆ ಸಾಕ್ಷಿ ಕೊಡಲಾರೆ.

ನಾಲ್ಕನೇ ವಾರದ ಒಂದು ಸಂಜೆ ಕಾರು ಜಾರಿತು. ಅಮ್ಮ ಗೇಟಿನ ಮುಂದೆ ನಿಲ್ಲಿಸಿದ್ದಳು. ಅವತ್ತು ಕಲ್ಲು ಕೊಡಲು ಯಾರೂ ಹೋಗಿರಲಿಲ್ಲ. ಅವಳು ಹ್ಯಾಂಡ್‌ಬ್ರೇಕ್ ಎಳೆದು, ಇಳಿದು, ಚೀಲ ತೆಗೆದುಕೊಂಡು ಗೇಟಿನ ಚಿಲಕಕ್ಕೆ ಕೈ ಹಾಕಿದ್ದಾಳೆ, ಹಿಂದೆ ಕಾರು ಹೊರಟಿದೆ. ಮೆಲ್ಲಗೆ, ಶಬ್ದವೇ ಇಲ್ಲದೆ ಎರಡು ಮನೆ ದಾಟಿ, ಕೆಳಗೆ ಮನೆ ಕಟ್ಟುತ್ತಿದ್ದವರು ಹಾಕಿಸಿದ್ದ ಎಂ ಸ್ಯಾಂಡ್ ಗುಡ್ಡೆಗೆ ಹಿಂಬದಿಯನ್ನು ಒತ್ತಿ ನಿಂತಿತು. ಬಂಪರಿಗೆ ಮರಳು ಮೆತ್ತಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಸೊಪ್ಪು ಮಾರುವ ಹೆಂಗಸು ತಲೆಯ ಮೇಲೆ ಬುಟ್ಟಿ ಹೊತ್ತು ಆಗಷ್ಟೇ ಅಲ್ಲಿಂದ ದಾಟಿದ್ದಳು.

"ಆಗಷ್ಟೇ ದಾಟಿದ್ಲು," ಎಂದು ಅಮ್ಮ ಆ ರಾತ್ರಿ ಎಷ್ಟು ಸಲ ಹೇಳಿದಳೋ. ಬೆಳಿಗ್ಗೆ ಎದ್ದು ಕಾರಿನ ಕೀಯನ್ನು ಮೊಳೆಗೆ ನೇತುಹಾಕಿ ಬಸ್ಸಿಗೆ ಹೋದಳು.

ಮನೆಯ ತೀರ್ಪು ಅಷ್ಟರಲ್ಲಿ ಬಂದಾಗಿತ್ತು. ಸಂಜೆ ಅಮ್ಮ ಶಾಲೆಯಿಂದ ಬಂದ ಮೇಲೆ ನಾನು ಮೇಲ್ಮನವಿ ಹಾಕಿದೆ.

"ಹ್ಯಾಂಡ್‌ಬ್ರೇಕ್ ಎಳ್ದಿದ್ರೆ ನಿಲ್ತಿತ್ತು. ನಿಲ್ಲಿಲ್ಲ. ಅಂದ್ರೆ ಸರ್ಯಾಗ್ ಎಳ್ದಿಲ್ಲ," ಎಂದರು ಅಪ್ಪ.

"ಅಪ್ಪ, ಹ್ಯಾಂಡ್‌ಬ್ರೇಕ್ ನಂಬ್ಬಾರ್ದು ಅಂತ ನಾನು ಹುಟ್ಟಿದಾಗಿಂದ ಹೇಳ್ತಿದೀರ. ಈಗ ಅಮ್ಮನ್ ಮೇಲೆ ಕೇಸ್ ಹಾಕಕ್ಕೆ ಮಾತ್ರ ಅದು ನಂಬ್ಕಸ್ಥ ಆಗೋಯ್ತಾ?"

"ನಿನ್ ಡಿಬೇಟ್ ಕಾಲೇಜಲ್ಲಿಟ್ಕೊ. ಆ ಸೊಪ್ಪಿನೋಳಿಗೆ ಹೊಡ್ದಿದ್ರೆ ನಿನ್ ಪಾಯಿಂಟ್ ಯಾರಿಗ್ ಬೇಕಿತ್ತು?"

ಅಪ್ಪನ ವಾದದಲ್ಲಿ ಮೊದಲ ಭಾಗ ದುರ್ಬಲ, ಎರಡನೆಯದು ಗಟ್ಟಿ.

"ನಂದೇ ತಪ್ಪಿರ್ಬೇಕು, ಬಿಡೇ," ಎಂದಳು ಅಮ್ಮ. "ಇನ್ಮೇಲೆ ನಿಮ್ಮಪ್ಪ ಜೊತೇಲಿದ್ದಾಗ ಓಡಿಸ್ತೀನಿ."

ಅಪ್ಪ ಜೊತೆಗೆ ಗುಬ್ಬಿಗೆ ಹೋಗುವುದು ಭಾನುವಾರ ಮಾತ್ರ ಸಾಧ್ಯ, ಭಾನುವಾರ ಶಾಲೆ ಇಲ್ಲ. ಅಂದರೆ ಇದು ಕಾರು ಓಡಿಸುವುದಿಲ್ಲ ಎನ್ನುವುದರ ಸಭ್ಯ ರೂಪ. ತಪ್ಪಿರ್ಬೇಕು ಎಂದಳೇ ಹೊರತು ತಪ್ಪು ಎನ್ನಲಿಲ್ಲ, ಅದು ನನ್ನ ಕಿವಿಗೆ ಬಿತ್ತು. ಒಬ್ಬ ವಿಜ್ಞಾನದ ಮೇಡಂ ಪರೀಕ್ಷೆ ಮಾಡದೆ ಒಪ್ಪಿಕೊಂಡ ತೀರ್ಮಾನವದು. ಪರೀಕ್ಷೆ ನಾನು ಮಾಡುತ್ತೇನೆ ಎಂದುಕೊಂಡೆ.

ಮರುದಿನ ಮಧ್ಯಾಹ್ನ ಕಲ್ಲು ಕೊಟ್ಟಿದ್ದ ಕಾರಿನೊಳಗೆ ಹೋಗಿ ಕೂತೆ. ನನಗೆ ಕಾರು ಓಡಿಸಲು ಬರುವುದಿಲ್ಲ, ಹ್ಯಾಂಡ್‌ಬ್ರೇಕನ್ನು ಅದುವರೆಗೆ ಮುಟ್ಟಿಯೂ ಇರಲಿಲ್ಲ. ಮೆಲ್ಲಗೆ ಎಳೆದೆ. ಕಟ್. ಇನ್ನೂ ಎಳೆದೆ. ಕಟ್, ಕಟ್. ಎಣಿಸುತ್ತ ಹೋದೆ. ಹನ್ನೊಂದಕ್ಕೆ ಬಂದು ಅದು ಮೇಲೆ ನಿಂತಿತು, ಆಗಲೂ ಕೈಗೆ ಬಿಗಿ ಸಿಗಲಿಲ್ಲ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ವಿಮೆ ಕಾಗದಗಳ ಕೆಳಗೆ ಕಾರಿನ ಜೊತೆ ಬಂದಿದ್ದ ಪುಸ್ತಕವಿತ್ತು, ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಐದರಿಂದ ಏಳು ಕಟ್‌ನೊಳಗೆ ಕಾರು ನಿಲ್ಲಬೇಕು ಎಂದು ಅದರಲ್ಲಿತ್ತು. ಹದಿಮೂರು ವರ್ಷ ಹಳೆಯ ಕಾರು. ಆ ಪುಟವನ್ನು ಅವತ್ತು ನಾನೇ ಮೊದಲು ಬಿಡಿಸಿದ್ದು.

ಅಪ್ಪನಿಗೆ ತೋರಿಸಿದೆ. "ಸಡ್ಲ ಇದೆ ಅಂತ ನಂಗೂ ಗೊತ್ತು. ಅದಕ್ಕೇ ಕಲ್ಲು," ಎಂದರು.

ಸಡಿಲ ಇದ್ದದ್ದರಿಂದ ಕಲ್ಲೋ, ಕಲ್ಲು ಇದ್ದದ್ದರಿಂದ ಸಡಿಲವೋ? ಈ ಪ್ರಶ್ನೆ ಆಗಲೇ ಬಾಯಿಗೆ ಬಂದಿತ್ತು, ಆದರೆ ಆಗ ನನಗೆ ಅದು ಮಾತಿನ ಚಮತ್ಕಾರವಾಗಿ ಮಾತ್ರ ಕಂಡಿತು.

ಫೋನಿನಲ್ಲಿ ಒಂದೆರಡು ವೀಡಿಯೊ ನೋಡಿದೆ. ಹ್ಯಾಂಡ್‌ಬ್ರೇಕ್ ಲಿವರಿನ ಸುತ್ತ ಇರುವ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದರೆ, ಅದರ ಬುಡದಲ್ಲಿ ಒಂದು ಸರಳು, ಸರಳಿನ ಮೇಲೆ ಒಂದು ನಟ್. ಸರಳಿನಿಂದ ಎರಡು ಕೇಬಲ್ ಹಿಂದಿನ ಎರಡು ಚಕ್ರಗಳಿಗೆ ಹೋಗುತ್ತವೆ. ಚಕ್ರದ ನಡುವೆ ಮುಚ್ಚಿದ ಬೋಗುಣಿಯ ಹಾಗೆ ಇರುವುದು ಡ್ರಮ್. ಲಿವರ್ ಎಳೆದಾಗ ಕೇಬಲ್ ಎಳೆಯುತ್ತದೆ, ಡ್ರಮ್ಮಿನೊಳಗೆ ಎರಡು ಬ್ರೇಕ್ ಶೂ ಅಗಲವಾಗಿ ಅದರ ಗೋಡೆಯನ್ನು ಒತ್ತಿ ಹಿಡಿಯುತ್ತವೆ. ಎಲ್ಲವೂ ಎಷ್ಟು ಸರಳ ಎಂದು ಆಶ್ಚರ್ಯವಾಯಿತು. ಬಾವಿಯ ಹಗ್ಗಕ್ಕಿಂತ ಒಂದು ಹೆಜ್ಜೆ ಮುಂದಿನ ಯಂತ್ರ. ಇಷ್ಟು ದಿನ ಇದು ನನಗೆ ಗೊತ್ತಿರಲಿಲ್ಲವಲ್ಲ ಎನ್ನುವುದು ಅದಕ್ಕಿಂತ ಆಶ್ಚರ್ಯ.

ಹತ್ತನೇ ನಂಬರ್ ಸ್ಪ್ಯಾನರ್ ಅಪ್ಪನ ಡಬ್ಬಿಯಲ್ಲಿತ್ತು. ಮುಚ್ಚಳ ಬಿಚ್ಚಿದೆ. ಕೆಳಗೆ ಹಳೇ ಬಸ್ ಟಿಕೆಟ್, ಶೇಂಗಾ ಸಿಪ್ಪೆ, ನಾನು ಏಳನೇ ಕ್ಲಾಸಿನಲ್ಲಿ ಕಳೆದುಕೊಂಡಿದ್ದ ಕಿವಿಯೋಲೆ ಸಿಕ್ಕವು. ನಟ್ ಬಿಗಿದೆ. ಎರಡು ಸುತ್ತು ತಿರುಗಿಸಿದಾಗ ಹತ್ತು ಕಟ್. ಇನ್ನೆರಡಕ್ಕೆ ಎಂಟು. ಆರನೇ ಸುತ್ತಿಗೆ ಐದು. ಲಿವರ್ ಗಟ್ಟಿಯಾಗಿ ನಿಂತಿತು, ಕೈ ನೋಯುವಷ್ಟು.

"ಐದಕ್ಕೇ ನಿಂತ್ಕೊಳುತ್ತೆ," ಎಂದು ಸಂಜೆ ಘೋಷಿಸಿದೆ. "ಅಮ್ಮ ನಿರಪರಾಧಿ."

ಅಪ್ಪ ಬಂದು ಎಳೆದು ನೋಡಿದರು. ಅವರಿಗೂ ತಪ್ಪು ಸಿಗಲಿಲ್ಲ. "ಓಡಿಸ್ ನೋಡ್ದೆ ಏನೂ ಹೇಳಕ್ಕಾಗಲ್ಲಮ್ಮ," ಎಂದಷ್ಟೇ ಹೇಳಿದರು. ಒಳ್ಳೆಯ ಎದುರಾಳಿ ಸೋಲುವ ಮುಂಚೆ ಹೇಳುವ ಮಾತು ಅದು ಎಂದುಕೊಂಡೆ.

ಶನಿವಾರ ಮಧ್ಯಾಹ್ನ ಅಮ್ಮನನ್ನು ಒಪ್ಪಿಸಿ ಹೊರಡಿಸಿದೆ. ಗುಬ್ಬಿಯವರೆಗೆ ಹೋಗಿ ಬರೋಣ, ನಾನು ಜೊತೆಗಿರುತ್ತೇನೆ ಎಂದೆ. ಅಪ್ಪ ಕಲ್ಲನ್ನು ಡಿಕ್ಕಿಗೆ ಹಾಕಿದರು.

ಹೆಗ್ಗೆರೆ ದಾಟುವಷ್ಟರಲ್ಲಿ ಅಮ್ಮ ಹೇಳಿದಳು, "ಗಾಡಿ ಎಳೀತಿಲ್ಲ ಕಣೇ."

"ಬಹಳ ದಿನ ಆಯ್ತಲ್ಲ ಓಡಿಸಿ, ಹಂಗನ್ಸುತ್ತೆ."

"ಅನ್ಸೋದಲ್ಲ. ಮೊದ್ಲು ಇಲ್ಲಿ ಆಕ್ಸಿಲರೇಟರಿಂದ ಕಾಲ್ ತೆಗೆದ್ರೆ ಇನ್ನೂ ಸ್ವಲ್ಪ ದೂರ ತಾನೇ ಓಡೋದು. ಈಗ ತಕ್ಷಣ ನಿಲ್ಲಕ್ ನೋಡ್ತೈತೆ."

"ಎದುರು ಗಾಳಿ ಇರ್ಬೇಕು."

ಅಮ್ಮ ನನ್ನ ಕಡೆ ಒಂದು ಸಲ ನೋಡಿದಳು. ಎಂಟನೇ ಕ್ಲಾಸಿಗೆ ಘರ್ಷಣೆಯ ಪಾಠ ಮಾಡುವ ಮೇಡಂ ಕೊನೇ ಬೆಂಚಿನವರನ್ನು ನೋಡುವ ನೋಟ. ಮಲ್ಲಸಂದ್ರ ದಾಟಿದ ಮೇಲೆ ನನಗೂ ವಾಸನೆ ಬಂತು, ಇಸ್ತ್ರಿಪೆಟ್ಟಿಗೆಯ ಕೆಳಗೆ ಬಟ್ಟೆ ಸೀಯುವಂಥದ್ದು. ಅಮ್ಮ ಒಂದು ಟೀ ಅಂಗಡಿಯ ಪಕ್ಕ, ಸಮತಟ್ಟು ಜಾಗ ನೋಡಿ ನಿಲ್ಲಿಸಿದಳು. ನಾನು ಇಳಿದು ಡಿಕ್ಕಿಯಿಂದ ಕಲ್ಲು ತೆಗೆದು ಚಕ್ರಕ್ಕೆ ಕೊಟ್ಟು, ಡಿಕ್ಕಿಯ ಮೇಲೆ ಎರಡು ಸಲ ತಟ್ಟಿದೆ. ತಟ್ಟಿದ ಮೇಲೆ ನಾನೇನು ಮಾಡಿದೆ ಎಂದು ಗೊತ್ತಾಯಿತು. ಟೀ ಅಂಗಡಿಯವನು ನಮ್ಮ ಕಾರನ್ನೂ ಕಲ್ಲನ್ನೂ ಬದಲಿಸಿ ಬದಲಿಸಿ ನೋಡಿದ.

ಎಡಗಡೆಯ ಹಿಂದಿನ ಚಕ್ರದ ಹತ್ತಿರ ಕೈ ಚಾಚಿದರೆ ಒಲೆಯ ಮುಂದೆ ಚಾಚಿದ ಹಾಗಿತ್ತು.

"ಮುಟ್ಬೇಡ," ಎಂದಳು ಅಮ್ಮ. ಬಾಟಲಿಯಿಂದ ಅಂಗೈಗೆ ನೀರು ಹಾಕಿಕೊಂಡು ಎರಡು ಹನಿ ಚಿಮುಕಿಸಿದಳು. ಹನಿ ಚೊಯ್ ಎಂದು ಮಾಯವಾಯಿತು. ಆಮೇಲೆ ಕಾರು ಬಳಸಿಕೊಂಡು ಬಲಗಡೆಗೆ ಹೋಗಿ ಅಲ್ಲೂ ಎರಡು ಹನಿ ಹಾಕಿದಳು. ಹನಿಗಳು ಕೂತವು. ಕೂತೇ ಇದ್ದವು.

"ಅರೆ," ಎಂದೆವು ಇಬ್ಬರೂ.

ಅಮ್ಮ ಹನಿಗಳನ್ನೇ ನೋಡುತ್ತಿದ್ದಳು. ಮುಖದಲ್ಲಿ ವಾರದಿಂದ ಇದ್ದ ಅಂಜಿಕೆ ಆ ನಿಮಿಷ ಇರಲಿಲ್ಲ. "ಒಂದೇ ಲಿವರ್, ಎರಡು ಚಕ್ರ. ಒಂದು ಬಿಸಿ, ಒಂದು ತಣ್ಣಗೆ. ಯಾಕೆ ಹೇಳು?"

"ಎಡಗಡೇದು ಕೆಟ್ಟಿದೆ."

"ಇರ್ಬೋದು. ಬಲಗಡೇದು ಕೆಟ್ಟಿದ್ರೂ ಹಿಂಗೇ ಆಗ್ಬೋದಲ್ವಾ?"

ಸ್ಪ್ಯಾನರ್ ನನ್ನ ಬ್ಯಾಗಿನಲ್ಲೇ ಇತ್ತು. ಎಷ್ಟು ಬಿಗಿದಿದ್ದೆನೋ ಅಷ್ಟನ್ನೂ, ಆರು ಸುತ್ತು, ವಾಪಸು ಬಿಚ್ಚಿದೆ. ಚಕ್ರ ತಣ್ಣಗಾಗುವವರೆಗೆ ಟೀ ಕುಡಿದು ಗುಬ್ಬಿಗೆ ಹೋಗದೆ ತಿರುಗಿ ಬಂದೆವು. ದಾರಿಯಲ್ಲಿ ಅಮ್ಮ, "ಈಗ ಸರಿ ಓಡ್ತೈತೆ," ಎಂದಳು. ಎದುರು ಗಾಳಿಯ ವಿಷಯ ಇಬ್ಬರೂ ಎತ್ತಲಿಲ್ಲ. ಆದರೆ ನನ್ನ ತಲೆಯಲ್ಲಿ ಒಂದು ಸೇರಿಕೊಂಡಿತು. ನಟ್ಟು ಬಿಗಿದವಳಿಗೆ ತಿಳಿಯದ್ದು ಪೆಡಲಿನ ಮೇಲಿದ್ದ ಅಮ್ಮನ ಕಾಲಿಗೆ ತಿಳಿದಿತ್ತು. ಅಂಥವಳು ಹ್ಯಾಂಡ್‌ಬ್ರೇಕನ್ನು ಅರ್ಧ ಎಳೆದು ಗೊತ್ತಾಗದೆ ಇಳಿದಳು ಎನ್ನುವುದು ನಂಬುವ ಮಾತಲ್ಲ.

ಮನೆಗೆ ಹೋಗುವ ಮುಂಚೆ ಸದಾಶಿವನಗರಕ್ಕೆ ಹೋದೆವು. ಅಲ್ಲಿ ಅಪ್ಪನಿಗೆ ಪರಿಚಯದ ಸಾಹೇಬರೊಬ್ಬರ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಮೊದಲು ಮೆಕ್ಯಾನಿಕ್ ಆಗಿದ್ದವರು, ಮಂಡಿ ನೋವಿನಿಂದ ಗ್ಯಾರೇಜ್ ಬಿಟ್ಟು ಅಂಗಡಿ ಇಟ್ಟುಕೊಂಡವರು. ಅಮ್ಮ ಕಾರಿನಲ್ಲೇ ಕೂತಳು, ನಾನು ಹೋಗಿ ಎಲ್ಲ ಹೇಳಿದೆ.

"ಬಿಸಿ ಇರೋದು ಕೆಟ್ಟೈತೆ ಅಂದ್ಕೊಂಡ್ಯಾ ಬೇಟಿ?" ಎಂದರು.

"ಹೂಂ ಅಂಕಲ್, ಮೊದ್ಲು."

"ಬಿಸಿ ಇರೋದು ಪಾಪ ಕೆಲ್ಸ ಮಾಡ್ತೈತೆ. ನೀನು ನಟ್ ಬಿಗಿದು ಅದರ ಕತ್ತು ಹಿಸುಕಿದ್ದೀಯ. ತಣ್ಣಗಿರೋದು ಮಲ್ಗೈತೆ. ಅದರ ಕೇಬಲ್ ಹಿಡ್ಕೊಂಡಿರ್ಬೇಕು. ದಿನಾ ಹ್ಯಾಂಡ್‌ಬ್ರೇಕ್ ಹಾಕ್ತೀರಾ?"

"ಇಲ್ಲ. ಕಲ್ಲು ಕೊಡ್ತೀವಿ."

ಸಾಹೇಬರು ಕನ್ನಡಕ ತೆಗೆದರು. "ಕಾರಿಗೆ?"

"ಕಾರಿಗೆ."

"ಎಷ್ಟು ವರ್ಷದಿಂದ?"

"ತಗೊಂಡಾಗಿಂದ."

ಅವರು ನಗಲಿಲ್ಲ, ಅದೇ ಕಷ್ಟವಾಯಿತು. "ಲಾರಿಗೆ ಸರಿ. ಲಾರೀಲಿ ಯಾವಾಗ್ಲೂ ಇಬ್ರು ಇರ್ತಾರೆ, ಒಬ್ರು ಇಳೀತಾರೆ. ಕೇಬಲ್ ಅನ್ನೋದು ಎಳ್ದು ಬಿಟ್ಟು ಮಾಡ್ತಿದ್ರೆ ಓಡಾಡ್ತದೆ. ವರ್ಷಗಟ್ಲೆ ಸುಮ್ನೆ ಬಿಟ್ರೆ ಮಳೆ ನೀರು ಇಳ್ದು ಒಳಗೇ ತುಕ್ಕು ಹಿಡೀತದೆ. ನಿಮ್ ಗಾಡಿ ಒಂದೇ ಕೈಲಿ ನಿಂತಿತ್ತು, ಆ ಕೈಯೂ ಸಡ್ಲ." ಕನ್ನಡಕ ಹಾಕಿಕೊಂಡು ಕೇಳಿದರು, "ಅದಿರ್ಲಿ, ಗಾಡಿ ಜಾರಿದ ದಿನ ಆ ಕಲ್ಲು ಯಾಕ್ ಕೊಡ್ಲಿಲ್ಲ?"

ಗಿರಾಕಿಯ ಹತ್ತಿರ ಮಾತಿಗೆ ಕೇಳುವ ಹಾಗೆ ಕೇಳಿದ್ದು. ನಾನು ಕೌಂಟರಿನ ಮೇಲಿದ್ದ ಬಲ್ಬುಗಳನ್ನು ನೋಡಿದೆ.

ಸ್ಪರ್ಧೆಗಳಲ್ಲಿ ನಮಗೆ ಅಭ್ಯಾಸವಾಗುವ ಒಂದು ಕೆಲಸವಿದೆ. ನಮ್ಮ ವಿರುದ್ಧ ಹೋಗುವ ಅಂಶವನ್ನು ಸುಳ್ಳು ಎನ್ನುವುದಿಲ್ಲ, ಪ್ರಸ್ತಾಪವನ್ನೇ ಮಾಡುವುದಿಲ್ಲ. ಅವತ್ತು ಅಮ್ಮ ಹಾರ್ನ್ ಹೊಡೆದಿದ್ದಳು. ಒಂದಲ್ಲ, ಎರಡು ಸಲ. ನಾನು ಮಹಡಿಯ ರೂಮಿನಲ್ಲಿ ಕಿಟಕಿಯ ಪಕ್ಕ ಕೂತು ಯಾವುದೋ ಸ್ಪರ್ಧೆಗೆ ಪಾಯಿಂಟ್ಸ್ ಬರೆಯುತ್ತಿದ್ದೆ. ಒಂದು ವಾಕ್ಯ ಚೆನ್ನಾಗಿ ಬರುತ್ತಿತ್ತು, ಅದು ಮುಗಿಯಲಿ, ಅಪ್ಪ ಹೋಗುತ್ತಾರೆ ಎಂದುಕೊಂಡೆ. ಅಪ್ಪ ಬಚ್ಚಲಿನಲ್ಲಿದ್ದರು. ಎಷ್ಟು ಹೊತ್ತು ಅಮ್ಮ ಕಾಲನ್ನು ಬ್ರೇಕಿನ ಮೇಲಿಟ್ಟುಕೊಂಡು ಕಾದಿದ್ದಳೋ ಗೊತ್ತಿಲ್ಲ. ಕೊನೆಗೆ ಲಿವರ್ ಎಳೆದು ಇಳಿದಿದ್ದಾಳೆ. ಲಿವರನ್ನು ದೂರಿದೆ, ಅಪ್ಪನ ತರ್ಕವನ್ನು ದೂರಿದೆ. ಹಾರ್ನಿನ ವಿಷಯ ನಾನು ಹೇಳಿರಲಿಲ್ಲ. ವಿಚಿತ್ರವೆಂದರೆ ಅಮ್ಮನೂ ಹೇಳಿರಲಿಲ್ಲ.

"ಭಾನುವಾರ ಅಂಗಡಿ ಮಧ್ಯಾಹ್ನಕ್ಕೆ ಮುಚ್ತೀನಿ. ಕೇಬಲ್ ತಗೊಂಡ್ ಮನೆಗೇ ಬರ್ತೀನಿ," ಎಂದರು ಸಾಹೇಬರು. "ಮಂಡಿ ಊರಕ್ಕಾಗಲ್ಲ, ಮಣೆ ಒಂದು ಕೊಡಿ. ಆಮೇಲೆ ನಟ್ ಬಿಗಿಯೋದು ನಿಂದೇ. ಮೊದ್ಲು ಚಕ್ರದ ಹತ್ರ ಸರಿ ಮಾಡ್ಬೇಕು, ಆಮೇಲೆ ಸೀಟಿನ ಹತ್ರ. ನೀನು ಉಲ್ಟಾ ಮಾಡ್ದೆ."

ಭಾನುವಾರ ಅವರು ಬಂದರು. ಬೀದಿಯ ಮೇಲ್ಗಡೆ ಸ್ವಲ್ಪ ಸಮತಟ್ಟಾದ ಜಾಗಕ್ಕೆ ಕಾರು ಒಯ್ದು, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಟ್ಟೆವು. ಕುಣಿಗಲ್ ಕಲ್ಲು ಅದರಲ್ಲಿ ಒಂದು. "ನೋಡಿ, ಬೇಕೇ ಬೇಕಾಯ್ತಲ್ಲ," ಎಂದರು ಅಪ್ಪ.

"ರಿಪೇರಿಗೆ ಬೇಕು ಸಾರ್. ಯಾರು ಬೇಡ ಅಂದ್ರು?" ಎಂದರು ಸಾಹೇಬರು.

ಹಿಂಭಾಗವನ್ನು ಜಾಕ್ ಹಾಕಿ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿದರು. ಅಮ್ಮನನ್ನು ಡ್ರೈವರ್ ಸೀಟಿಗೆ ಕಳಿಸಿದರು. "ಎಳೀರಿ ಮೇಡಂ, ಒಂದೊಂದೇ." ಅಮ್ಮ ಎಣಿಸುತ್ತ ಎಳೆದಳು. ನಾನು ಎಡಗಡೆಯ ಚಕ್ರ ತಿರುಗಿಸುತ್ತಿದ್ದೆ, ಅಪ್ಪ ಬಲಗಡೆಯದ್ದು. ಹತ್ತಕ್ಕೆ ನನ್ನದು ನಿಂತಿತು. ಅಪ್ಪನದು ಹನ್ನೊಂದಾದ ಮೇಲೂ ರಾಟೆಯ ಹಾಗೆ ತಿರುಗುತ್ತಿತ್ತು. ಅಪ್ಪ ಒಂದು ಸಲ ತಿರುಗಿಸಿದರು. ಇನ್ನೊಂದು ಸಲ ತಿರುಗಿಸಿದರು. ಮೂರನೇ ಸಲ ಯಾರೂ ಹೇಳದಿದ್ದರೂ ತಿರುಗಿಸಿದರು.

"ಪೂರ್ತಿ ಎಳ್ದಿದೀಯಾ?" ಎಂದು ಅಮ್ಮನನ್ನು ಕೇಳಿದರು.

"ನೀವೇ ಬಂದು ಎಳೀರಿ," ಎಂದಳು ಅಮ್ಮ.

ಅಪ್ಪ ಹೋಗಲಿಲ್ಲ. ಚಕ್ರದ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು. "ನಿಮ್ಮಾವ ಹೇಳೋರು, ಮಳೇಲಿ ಹ್ಯಾಂಡ್‌ಬ್ರೇಕ್ ಹಾಕಿದ್ರೆ ಅಂಟ್ಕೊಂಬಿಡುತ್ತೆ, ಹಾಕ್ಬೇಡ ಅಂತ," ಎಂದು ಅಮ್ಮನಿಗೋ ತಮಗೋ ಹೇಳಿಕೊಂಡರು.

ಬಲಗಡೆಯ ಡ್ರಮ್ ಬಿಚ್ಚಿದಾಗ ಒಳಗಿನಿಂದ ಕೆಂಪು ಪುಡಿ ಸುರಿಯಿತು. ಕೇಬಲ್ಲನ್ನು ಅದರ ಕೊಳವೆಯಿಂದ ಎಳೆಯಲು ಸಾಹೇಬರು ಇಕ್ಕುಳ ಹಾಕಿ ಕಾಲು ಊರಿಕೊಂಡು ಕೂರಬೇಕಾಯಿತು. ಅರ್ಧ ಅಡಿಯಷ್ಟು ತುಕ್ಕು ಹಿಡಿದು ಕಬ್ಬಿಣದ ಕಡ್ಡಿಯಾಗಿಬಿಟ್ಟಿತ್ತು. ಹೊಸದು ಹಾಕಿ ಡ್ರಮ್ ಮುಚ್ಚಿದ ಮೇಲೆ, ಅಮ್ಮ ಲಿವರ್ ಇಳಿಸಿ ಕಾಲಿನ ಬ್ರೇಕನ್ನು ಇಪ್ಪತ್ತು ಸಲ ಒತ್ತಿದಳು, ಶೂಗಳು ತಮ್ಮ ಜಾಗಕ್ಕೆ ಬಂದು ಕೂರಲು. ಆಮೇಲೆ ಸ್ಪ್ಯಾನರ್ ನನ್ನ ಕೈಗೆ ಬಂತು.

ನಾನು ಹಿಂದಿನ ಸೀಟಿನಿಂದ ಬಗ್ಗಿ ನಟ್ ಬಿಗಿಯುತ್ತಿದ್ದೆ, ಅಮ್ಮ ಮುಂದಿನ ಸೀಟಿನಲ್ಲಿ. ಅಪ್ಪ, ಸಾಹೇಬರು ಇಬ್ಬರೂ ಹೊರಗೆ ಕೈ ತೊಳೆಯುತ್ತಿದ್ದರು.

"ಅಮ್ಮ, ಅವತ್ತು ನಂಗೆ ಹಾರ್ನ್ ಕೇಳ್ಸಿತ್ತು."

"ಗೊತ್ತು. ಕಿಟ್ಕೀಲಿ ನಿನ್ ತಲೆ ಕಾಣ್ತಿತ್ತು."

ಸ್ಪ್ಯಾನರ್ ನಟ್ಟಿನಿಂದ ಜಾರಿತು. "ಮತ್ತೆ ಅಪ್ಪಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನಾಗ್ತಿತ್ತು? ಮಾರ್ನೇ ದಿನದಿಂದ ಹಾರ್ನ್ ಹೊಡ್ದ ತಕ್ಷಣ ನೀನು ಓಡಿ ಬರ್ತಿದ್ದೆ. ನಂಗೆ ಬೇಕಾಗಿದ್ದು ಅದಲ್ಲ ಕಣೇ." ಲಿವರ್ ಎಳೆದಳು. "ಎಂಟು. ಇನ್ನೊಂದ್ ಸ್ವಲ್ಪ ಬಿಗಿ."

ಆಗ ನನಗೆ ಕಲ್ಲಿನ ಪೂರ್ತಿ ಅರ್ಥ ಹೊಳೆಯಿತು. ಕಲ್ಲು ಕಾರನ್ನು ಚೆನ್ನಾಗಿಯೇ ನಿಲ್ಲಿಸುತ್ತಿತ್ತು, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಅದನ್ನು ಕೊಡಲು ಇನ್ನೊಬ್ಬರು ಬೇಕು. ತಾತನಿಗೆ ಕ್ಲೀನರ್ ಇದ್ದ, ಅಪ್ಪನಿಗೆ ನಾವಿದ್ದೆವು. ಒಬ್ಬಳೇ ಹೋಗಿ ಒಬ್ಬಳೇ ಬರಬೇಕು ಎಂದುಕೊಂಡವಳು ಮನೆಯಲ್ಲಿ ಅಮ್ಮನೇ ಮೊದಲು. ಹ್ಯಾಂಡ್‌ಬ್ರೇಕ್ ನಿಜಕ್ಕೂ ಬೇಕಾದದ್ದು ಅವಳಿಗೊಬ್ಬಳಿಗೆ, ಅದು ಅವಳ ಕೈಗೆ ಬರುವಷ್ಟರಲ್ಲಿ ನಾವೆಲ್ಲ ಸೇರಿ ಅದಕ್ಕೆ ತುಕ್ಕು ಹಿಡಿಸಿದ್ದೆವು.

ಆರು ಕಟ್‌ಗೆ ಎರಡೂ ಚಕ್ರ ನಿಂತವು. ಲಿವರ್ ಇಳಿಸಿದರೆ ಎರಡೂ ಸಲೀಸಾಗಿ ತಿರುಗಿದವು. ನಾನು ಅದನ್ನು ಮೂರು ಸಲ ನೋಡಿದೆ, ಮಲ್ಲಸಂದ್ರದ ವಾಸನೆ ಇನ್ನೂ ಮೂಗಿನಲ್ಲಿತ್ತು.

ಕಾರನ್ನು ಗೇಟಿನ ಮುಂದೆ, ಇಳಿಜಾರಿನಲ್ಲಿ ನಿಲ್ಲಿಸುವುದೊಂದು ಬಾಕಿ ಇತ್ತು. ಅಮ್ಮ ತಂದು ನಿಲ್ಲಿಸಿದಳು. ಅಪ್ಪ ಕಲ್ಲು ಎತ್ತಿಕೊಂಡು ಕಾರಿನ ಹಿಂದೆ ನಿಂತರು.

"ಸಾರ್, ಹಿಂದೆ ನಿಲ್ಬೇಡಿ, ಸೈಡಿಗೆ ಬನ್ನಿ," ಎಂದರು ಸಾಹೇಬರು.

ಅಪ್ಪ ಪಕ್ಕಕ್ಕೆ ಬಂದರು, ಕಲ್ಲು ಕೆಳಗಿಡಲಿಲ್ಲ. ನಾನು ಬೀದಿಯ ಕೆಳಗೆ ಹೋಗಿ ಯಾರೂ ಬರದ ಹಾಗೆ ನಿಂತೆ. ಅಮ್ಮ ಲಿವರ್ ಎಳೆದಳು. ಕಿಟಕಿ ತೆರೆದಿದ್ದರಿಂದ ಆರೂ ಕಟ್ ಕೇಳಿಸಿದವು. ಕಾಲು ತೆಗೆದಳು. ಕಾರು ಒಂದು ಬೆರಳಿನಷ್ಟು ಹಿಂದಕ್ಕೆ ಕುಗ್ಗಿ ಕೂತಿತು. ಅಮ್ಮ ಇಳಿದು ಬಾಗಿಲು ಹಾಕಿದಳು. ಮೆಲ್ಲಗಲ್ಲ, ದಿನಾ ಹಾಕುವ ಹಾಗೆ.

"ಈಗ್ಲೇ ಹೇಳಕ್ಕಾಗಲ್ಲ. ಸ್ವಲ್ಪ ಹೊತ್ತು ನೋಡ್ಬೇಕು," ಎಂದರು ಅಪ್ಪ. ನನ್ನ ಅನುಮಾನದ ಬುದ್ಧಿ ಎಲ್ಲಿಂದ ಬಂತು ಎಂದು ನೆಂಟರು ಕೇಳುತ್ತಿರುತ್ತಾರೆ.

ಅಮ್ಮ ಶಾಲೆಯ ಚೀಲದಿಂದ ಸೀಮೆಸುಣ್ಣ ತಂದು ಟೈರಿನ ಪಕ್ಕಕ್ಕೇ ರಸ್ತೆಯ ಮೇಲೊಂದು ಗೆರೆ, ಅದರ ನೇರಕ್ಕೆ ಟೈರಿನ ಮೇಲೊಂದು ಗೆರೆ ಎಳೆದಳು. ನಾವು ನಾಲ್ವರೂ ಗೇಟಿನ ಹತ್ತಿರ ಕಾಫಿ ಕುಡಿಯುತ್ತ ಎರಡು ಗೆರೆಗಳನ್ನು ನೋಡಿದೆವು. ಲೋಟ ಖಾಲಿಯಾಯಿತು. ಗೆರೆಗಳು ಒಂದರ ಮುಂದೊಂದು ಹಾಗೇ ಇದ್ದವು.

"ಇಳಿಜಾರಲ್ಲಿ ಫಸ್ಟ್ ಗೇರಲ್ಲೂ ಹಾಕ್ಬಿಡಿ ಮೇಡಂ. ಎರಡಿದ್ರೆ ಧೈರ್ಯ," ಎಂದರು ಸಾಹೇಬರು ಹೊರಡುವಾಗ.

"ಕ್ಲಚ್ ತುಳೀದೆ ಸ್ಟಾರ್ಟ್ ಮಾಡ್ಬಿಟ್ರೆ?" ಎಂದರು ಅಪ್ಪ.

"ನಾನು ತುಳ್ದೇ ಸ್ಟಾರ್ಟ್ ಮಾಡೋದು," ಎಂದಳು ಅಮ್ಮ.

ಅಪ್ಪ ಕಲ್ಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, ಗಾಳಿಗೆ ಬಡಿದುಕೊಳ್ಳುತ್ತಿದ್ದ ಗೇಟಿಗೆ ಒರಗಿಸಿಟ್ಟರು. ಗೇಟು ಸುಮ್ಮನಾಯಿತು. ಅವತ್ತು ಜಾರಿದ್ದು ಯಾರ ತಪ್ಪಿನಿಂದ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಒಳಗೆ ಹೋಗಿ ಮೊಳೆಯಿಂದ ಕಾರಿನ ಇನ್ನೊಂದು ಕೀಯನ್ನೂ ತೆಗೆದು ಅಮ್ಮನ ಚೀಲದ ಮೇಲೆ ಇಟ್ಟರು.

ಸೋಮವಾರ ಅಮ್ಮ ಗುಬ್ಬಿಗೆ ಕಾರಿನಲ್ಲಿ ಹೋದಳು. ಸೊಪ್ಪಿನವಳು ಬರುತ್ತಿದ್ದಳು, ಅವಳು ಬೀದಿ ದಾಟುವವರೆಗೆ ಅಮ್ಮ ಕಾದು ಹೊರಟಳು, ಅದನ್ನು ನಾನು ಕಿಟಕಿಯಿಂದ ನೋಡಿದೆ. ಸಂಜೆ ಅದೇ ಕಿಟಕಿಯ ಪಕ್ಕ ಬರೆಯುತ್ತ ಕೂತಿದ್ದೆ. ಹಾರ್ನ್ 'ಪೀಂ' ಎಂದಿತು. ಪೆನ್ನು ಬಿಸಾಕಿ, ಮೆಟ್ಟಿಲು ಎರಡೆರಡು ಹಾರಿ, ಚಪ್ಪಲಿ ಕೂಡ ಹಾಕದೆ ಗೇಟಿಗೆ ಓಡಿ, ಕಲ್ಲಿಗೆ ಕೈ ಹಾಕಿದೆ.

ಅಮ್ಮ ಆಗಲೇ ಕಾರಿನಿಂದ ಇಳಿದು ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಹಿಂದೆ ಕಾರು ಇದ್ದಲ್ಲೇ ಇತ್ತು.

"ನಿನ್ನ ಕರೀಲಿಲ್ಲ ಕಣೇ," ಎಂದಳು. "ನಾಯಿ ಅಡ್ಡ ಮಲ್ಗಿತ್ತು."